ಗ್ಯಾರಡೋಸ್ ಡ್ರ್ಯಾಗನ್ ಅಲ್ಲವೇ? ‘ಪೋಕೆಮಾನ್ ಸ್ಕಾರ್ಲೆಟ್’ ಆಡಿದ ಮೇಲೆ

ಬೇಸಿಗೆ ರಜೆಗೆಂದು ರಾಯಚೂರಿನ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗ, 2022ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ ‘ಪೋಕೆಮಾನ್ ಸ್ಕಾರ್ಲೆಟ್’ ಆಟವನ್ನು ಜೊತೆಗೆ ತಂದಿದ್ದ. ಪೋಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ಆಟ ಅದು. ಪ್ರತಿ ಪ್ರಾಣಿಗೂ ಪ್ರತಿ ಏಟಿಗೂ ನೀರು, ಬೆಂಕಿ, ಡ್ರ್ಯಾಗನ್ ಎಂಬಂಥ ‘ಟೈಪ್’ ಇರುತ್ತದೆ, ಯಾವ ಏಟು ಯಾರಿಗೆ ಎಷ್ಟು ತಾಕುತ್ತದೆ ಎಂಬುದು ಅದರ ಮೇಲೆ ನಿಂತಿದೆ. ಒಂದು ಮಧ್ಯಾಹ್ನ ಅವನೆದುರಿಗೆ ಗ್ಯಾರಡೋಸ್ ಬಂತು: ನೀಲಿ ಹುರುಪೆಯ ಉದ್ದನೆಯ ದೇಹ, ಮುಚ್ಚಲಾರದಷ್ಟು ಅಗಲಕ್ಕೆ ತೆರೆದ ಬಾಯಿ. ಡ್ರ್ಯಾಗನ್ ಟೈಪಿನ ಏಟು ಡ್ರ್ಯಾಗನ್‌ಗೆ ಇಮ್ಮಡಿ ತಾಕುತ್ತದೆಂಬ ನಿಯಮವನ್ನು ನಂಬಿ ಅವನು ತನ್ನ ಡ್ರ್ಯಾಗೊನೈಟ್‌ನಿಂದ ‘ಡ್ರ್ಯಾಗನ್ ಕ್ಲಾ’ ಹೊಡೆಸಿದ. ಏಟು ಸಾಧಾರಣವಾಗಿಯೇ ತಾಕಿತು. “ಮಾಮಾ, ಇದು ಡ್ರ್ಯಾಗನ್ ಅಲ್ಲೇನು? ಏಟು ಯಾಕ ಜೋರ್ ಹತ್ತವಲ್ದು?” ಎಂದು ಕೇಳಿದ. ಗ್ಯಾರಡೋಸ್‌ನ ಟೈಪ್ ನೀರು ಮತ್ತು ಹಾರಾಟ, ಡ್ರ್ಯಾಗನ್ ಅಲ್ಲ.

ಅದೇ ಆಟದಲ್ಲಿ ಆಲ್ಟೇರಿಯಾ ಎಂಬ ಹಕ್ಕಿಯಿದೆ. ಮೈಯನ್ನು ಮುಚ್ಚುವ ಅದರ ಬಿಳಿ ರೆಕ್ಕೆಗಳು, ಸುಗ್ಗಿಯಲ್ಲಿ ನಮ್ಮೂರ ಹತ್ತಿ ಮಾರುಕಟ್ಟೆಗೆ ಬರುವ ಲಾರಿಗಳಿಂದ ಹಾರಿ ಬೇಲಿಗೆ ಅಂಟಿಕೊಳ್ಳುವ ಹತ್ತಿಯ ಹಾಗೆಯೇ ಕಾಣುತ್ತವೆ. ಇದಕ್ಕೆ ಮಾತ್ರ ಡ್ರ್ಯಾಗನ್ ಪಟ್ಟ ಸಿಕ್ಕಿದೆ, ಪಟ್ಟದ ಜೊತೆಗೇ ಹಿಮದ ಏಟಿಗೆ ನಾಲ್ಕು ಪಟ್ಟು ನೋಯುವ ದೌರ್ಬಲ್ಯವೂ ಬಂದಿದೆ. ಸೇಬಿನೊಳಗೆ ಅಡಗಿ ಬದುಕುವ ಆಪ್ಲಿನ್ ಕೂಡ ಡ್ರ್ಯಾಗನ್ನೇ. ಬೆಂಕಿಯುಗುಳುತ್ತಾ ಹಾರುವ ಚಾರಿಜಾರ್ಡ್ ಅಲ್ಲ!

ಈ ಗೊಂದಲ ಮೊದಲಿನಿಂದಲೂ ಇದೆ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಲ್ಲಿ ಡ್ರ್ಯಾಗನ್ ಟೈಪ್ ಇದ್ದದ್ದು ಡ್ರಾಟಿನಿ, ಡ್ರ್ಯಾಗೊನೇರ್, ಡ್ರ್ಯಾಗೊನೈಟ್ ಎಂಬ ಒಂದೇ ವಂಶಕ್ಕೆ. ಆ ಟೈಪಿನ ಏಟೂ ಒಂದೇ ಇತ್ತು, ಅದು ಯಾರಿಗೆ ಹೊಡೆದರೂ ಎದುರಾಳಿಯ ಜೀವದಲ್ಲಿ 40 ಅಂಕವನ್ನಷ್ಟೇ ಕಳೆಯುತ್ತಿತ್ತು. ಆದರೆ ಅದೇ ಆಟದಲ್ಲಿ ಡ್ರ್ಯಾಗನ್‌ಗಳ ಪ್ರವೀಣನೆನಿಸಿಕೊಂಡ ಲ್ಯಾನ್ಸ್‌ನ ಐದು ಪೋಕೆಮಾನ್‌ಗಳಲ್ಲಿ ಗ್ಯಾರಡೋಸ್ ಕೂಡ ಒಂದಾಗಿತ್ತು. ಮುಂದೆ ಮರಿ ಮಾಡಿಸುವ ವ್ಯವಸ್ಥೆ ಬಂದಾಗ ಗ್ಯಾರಡೋಸ್ ಮತ್ತು ಚಾರಿಜಾರ್ಡ್ ಎರಡನ್ನೂ ಡ್ರ್ಯಾಗನ್ ಮೊಟ್ಟೆಗುಂಪಿಗೆ (ತಮ್ಮತಮ್ಮಲ್ಲೇ ಕೂಡಿ ಮರಿ ಮಾಡಬಲ್ಲವುಗಳ ಗುಂಪಿಗೆ) ಸೇರಿಸಿದರು. ಅಂದರೆ ಕುಲದಿಂದ ಡ್ರ್ಯಾಗನ್, ಕಾಳಗದಲ್ಲಿ ಅಲ್ಲ. ಈ ಗುಂಪುಗಳನ್ನು ಆಟದ ಯಾವ ಪರದೆಯ ಮೇಲೂ ಬರೆದು ತೋರಿಸುವುದಿಲ್ಲ ಎಂಬುದು ನನ್ನ ಮಟ್ಟಿಗೆ ದೊಡ್ಡ ಕೊರತೆ, ಏಕೆಂದರೆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ.

ಹತ್ತಿಯ ಹಕ್ಕಿಯನ್ನೂ ಸೇಬಿನ ಹುಳುವನ್ನೂ ಡ್ರ್ಯಾಗನ್ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಹಂಪಿಯ ವಿಠ್ಠಲ ಗುಡಿಯ ಕಂಬಗಳ ಮುಂದೆ ನಿಂತವರಿಗೆ ಇದು ಹೊಸದೇನಲ್ಲ: ಸಿಂಹದ ಮುಖವಿದ್ದರೂ ಯಾಳಿಯೇ, ಆನೆಯ ಸೊಂಡಿಲಿದ್ದರೂ ಯಾಳಿಯೇ. ಇಷ್ಟು ಧಾರಾಳವಾದ ಪಟ್ಟಿಯಿಂದ ಗ್ಯಾರಡೋಸ್ ಹೊರಗುಳಿದದ್ದನ್ನು ಮಾತ್ರ ಒಪ್ಪಲಾರೆ. ಹಳದಿ ನದಿಯ ಪ್ರವಾಹಕ್ಕೆ ಎದುರಾಗಿ ಈಜಿ, ಡ್ರ್ಯಾಗನ್ ಬಾಗಿಲನ್ನು ಹಾರಿ ದಾಟಿದ ಮೀನು ಡ್ರ್ಯಾಗನ್ ಆಗುತ್ತದೆ ಎಂಬುದು ಚೀನಾದ ಹಳೆಯ ಕಥೆ. ನೆಲದ ಮೇಲೆ ಪಟಪಟನೆ ಒದ್ದಾಡುವುದರ ಹೊರತು ಹೆಚ್ಚೇನೂ ಬಾರದ ಮ್ಯಾಜಿಕಾರ್ಪ್ ಮೀನನ್ನು 20ನೆಯ ಹಂತದವರೆಗೆ ತಾಳ್ಮೆಯಿಂದ ಬೆಳೆಸಿದವರಿಗೆ ಗ್ಯಾರಡೋಸ್ ಸಿಗುತ್ತದೆ. ಕಥೆಯನ್ನು ಇಷ್ಟು ಚೆಂದವಾಗಿ ಆಟಕ್ಕಿಳಿಸಿ ಕೊನೆಯಲ್ಲಿ ಹೆಸರನ್ನೇ ಕೊಡದಿರುವುದು ಆ ಮೀನಿಗೆ ಮಾಡಿದ ಅನ್ಯಾಯ.

ಸ್ಕಾರ್ಲೆಟ್‌ನಲ್ಲಿ ಇದಕ್ಕೊಂದು ದಾರಿಯಿದೆ, ಆಟವನ್ನು ನಾನು ಮೆಚ್ಚಿದ್ದೂ ಅದಕ್ಕಾಗಿಯೇ. ಒಂದೇ ಟೈಪಿನ 50 ಟೆರಾ ಚೂರುಗಳನ್ನು ಕೂಡಿಸಿ ಮೆಡಾಲಿ ಊರಿನ ಖಾನಾವಳಿಯಲ್ಲಿ ಕೊಟ್ಟರೆ, ನಮ್ಮ ಪೋಕೆಮಾನ್‌ನ ಟೆರಾ ಟೈಪನ್ನು, ಅಂದರೆ ಕಾಳಗದ ನಡುವೆ ಅದು ತಾಳಬಲ್ಲ ಟೈಪನ್ನು, ಆ ಚೂರುಗಳ ಟೈಪಿಗೆ ಬದಲಿಸಿಕೊಡುತ್ತಾರೆ. ಆಮೇಲೆ ಕಾಳಗದಲ್ಲಿ ಅದನ್ನು ಟೆರಾ ರೂಪಕ್ಕೆ ತಂದಾಗ ಮೈಯೆಲ್ಲ ಹರಳಿನಂತೆ ಹೊಳೆದು, ಗ್ಯಾರಡೋಸ್ ನಿಜವಾದ ಡ್ರ್ಯಾಗನ್ ಆಗುತ್ತದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಹುಡುಗನ ಬಳಿ 43 ಚೂರುಗಳಿದ್ದವು. ಊಟಕ್ಕೆ ಕರೆದರೆ, “ಇನ್ನ ಏಳs ಏಳು ಮಾಮಾ” ಎಂದು ಪರದೆಯಿಂದ ಕಣ್ಣು ಕೀಳದೆ ಹೇಳಿದ.