ಅಮೆರಿಕ ಇತಿಹಾಸದ ಸ್ಪೈರಲ್ ನೋಟ್ಸ್: ಕೊಳ್ಳಿ, ಆದರೆ ತಿದ್ದಿಕೊಂಡು ಓದಿ

ಮಡಿಕೇರಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆಂದು ಸ್ಪೈರಲ್ ಬೈಂಡ್ ಮಾಡಿ ಮಾರುತ್ತಿರುವ ಅಮೆರಿಕ ಇತಿಹಾಸದ ನೋಟ್ಸನ್ನು ಅದರ ಮೊದಲ ಘಟಕಕ್ಕಾಗಿಯೇ ಕೊಳ್ಳಬಹುದು. ಅಮೆರಿಕದ ಇಂಗ್ಲಿಷ್ ವಸಾಹತುಗಳ ಜನ ಹಕ್ಕು, ಪ್ರತಿನಿಧಿ ಸಭೆ ಎಂಬುದನ್ನೆಲ್ಲ ಇಂಗ್ಲೆಂಡಿನಿಂದ ಹೇಗೆ ತಂದರು ಎಂಬುದೇ ಅದರ ವಿಷಯ. ಮಾಮೂಲಿ ಗೈಡುಗಳ ಹಾಗೆ ಇಸವಿಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳದೆ ಇದು ದಾಖಲೆಗಳ ವಿಧಿಗಳನ್ನೇ ಮುಂದಿಡುತ್ತದೆ. ಇಂಗ್ಲೆಂಡಿನ 1689ರ ಬಿಲ್ ಆಫ್ ರೈಟ್ಸ್ (ಹಕ್ಕುಗಳ ಶಾಸನ) ಮತ್ತು ಅಮೆರಿಕದ ಸಂವಿಧಾನದ 1791ರ ತಿದ್ದುಪಡಿಗಳನ್ನು ಅಕ್ಕಪಕ್ಕ ಇಟ್ಟ ಪುಟವಂತೂ ಬಹಳ ಚೆನ್ನಾಗಿದೆ. ಮಿತಿಮೀರಿದ ಜಾಮೀನು ಕೇಳಬಾರದು, ಮಿತಿಮೀರಿದ ದಂಡ ಹಾಕಬಾರದು, ಕ್ರೂರ ಶಿಕ್ಷೆ ಕೊಡಬಾರದು ಎಂಬ ಸಾಲು ನೂರು ವರ್ಷ ದಾಟಿ ಹೆಚ್ಚುಕಡಿಮೆ ಹಾಗೆಯೇ ಎಂಟನೇ ತಿದ್ದುಪಡಿಗೆ ಬಂದು ಕೂತಿದೆ.

ಎಡವಿರುವುದು ಮ್ಯಾಗ್ನಾ ಕಾರ್ಟಾ, ಅಂದರೆ ಇಂಗ್ಲೆಂಡಿನ ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದಿನ ಭಾಗದಲ್ಲಿ. 1215ರ ಜೂನ್‌ನಲ್ಲಿ ದೊರೆ ಜಾನ್ ಒಪ್ಪಿದ ಸನ್ನದೇ ಅಂದಿನಿಂದ ಜಾರಿಯಲ್ಲಿತ್ತು ಎಂದು ಬರೆದಿದ್ದಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಅದನ್ನು ರದ್ದು ಮಾಡಿದ್ದರು. ಕಾನೂನಾಗಿ ಉಳಿದದ್ದು ಮೂರನೇ ಹೆನ್ರಿ 1225ರಲ್ಲಿ ಮತ್ತೆ ಹೊರಡಿಸಿದ ಪಾಠ (ಆವೃತ್ತಿ). ವಿಧಿಗಳ ಸಂಖ್ಯೆ ಗೊಂದಲವಾಗುವುದೂ ಇದರಿಂದಲೇ: ವಿಚಾರಣೆಯಿಲ್ಲದೆ ಸ್ವತಂತ್ರ ವ್ಯಕ್ತಿಯನ್ನು ಬಂಧಿಸಬಾರದೆಂಬ 1215ರ 39ನೇ ವಿಧಿ ಮತ್ತು ನ್ಯಾಯವನ್ನು ಮಾರಬಾರದೆಂಬ 40ನೇ ವಿಧಿ 1225ರಲ್ಲಿ ಒಂದಾಗಿ 29 ಆದವು. ಪರೀಕ್ಷೆಯಲ್ಲಿ ಸಂಖ್ಯೆ ಬರೆಯುವವರು ಯಾವ ವರ್ಷದ ಪಾಠ ಎಂದೂ ಬರೆಯಬೇಕು. ನೋಟ್ಸಿನ ‘ಎಲ್ಲ ಪ್ರಜೆಗಳಿಗೂ ಹಕ್ಕು’ ಎಂಬ ಸಾಲನ್ನು ಹೊಡೆದುಹಾಕಿ. ಒಡೆಯನ ಜಮೀನಿಗೆ ಕಟ್ಟುಬಿದ್ದಿದ್ದ ಜೀತದ ರೈತರಿಗೆ ಆ ವಿಧಿಯ ರಕ್ಷಣೆ ಇರಲಿಲ್ಲ.

ವರ್ಜೀನಿಯಾ ವಸಾಹತಿನ 1619ರ ಪ್ರತಿನಿಧಿ ಸಭೆಗೆ ಕೊಟ್ಟಿರುವುದು ಒಂದೇ ಪ್ಯಾರಾ. ಇದು ಅನ್ಯಾಯ. ಜುಲೈ 30ರಂದು ಜೇಮ್ಸ್‌ಟೌನ್‌ನ ಚರ್ಚಿನಲ್ಲಿ ಗವರ್ನರ್ ಯಾರ್ಡ್ಲಿ ಕರೆದ ಸಭೆಗೆ 11 ನೆಲೆಗಳಿಂದ ತಲಾ ಇಬ್ಬರಂತೆ 22 ಮಂದಿ ಬಂದಿದ್ದರು. ಜಾನ್ ಮಾರ್ಟಿನ್‌ನ ತೋಟದ ಇಬ್ಬರನ್ನು ಸಭೆ ಕೂರಿಸಿಕೊಳ್ಳಲಿಲ್ಲ. ಅವನಿಗೆ ಸಿಕ್ಕಿದ್ದ ಸನ್ನದು ಅವನ ತೋಟವನ್ನು ವಸಾಹತಿನ ಕಾನೂನಿನಿಂದ ಹೊರಗಿಟ್ಟಿತ್ತು. ಕಾನೂನಿಗೆ ಬಗ್ಗದವರು ಕಾನೂನು ಮಾಡಲು ಹೇಗೆ ಕೂರುತ್ತಾರೆ ಎಂಬುದು ಸಭೆಯ ತಕರಾರು. ಪ್ರಾತಿನಿಧ್ಯ ಎಂದರೇನು ಎಂದು ವಿದ್ಯಾರ್ಥಿಗೆ ಹಿಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅದೇ ಬೇಸಿಗೆಯ ಕೊನೆಗೆ ಆಫ್ರಿಕನ್ನರನ್ನು ಸೆರೆಯಾಳುಗಳಾಗಿ ಅದೇ ವಸಾಹತಿಗೆ ತಂದು ಮಾರಿದರು. ನೋಟ್ಸಿನಲ್ಲಿ ಈ ಸಂಗತಿಯ ಸುಳಿವೇ ಇಲ್ಲ. ಮ್ಯಾಸಚೂಸೆಟ್ಸಿನ 1641ರ ಹಕ್ಕುಗಳ ಸಂಹಿತೆಯೂ ಇಲ್ಲ.

ಆಯುಧದ ಹಕ್ಕಿನ ಪುಟವನ್ನು ಕೊಡಗಿನ ಓದುಗರು ನಿಧಾನವಾಗಿ ಓದಬೇಕು, ಏಕೆಂದರೆ ಕೋವಿಯ ಮಾತು ಬಂದರೆ ನಮ್ಮಲ್ಲಿ ಹೋಲಿಕೆ ತಾನಾಗಿ ಹುಟ್ಟುತ್ತದೆ. 1689ರ ಶಾಸನ ಆಯುಧ ಇಟ್ಟುಕೊಳ್ಳಲು ಬಿಟ್ಟದ್ದು ಪ್ರಾಟೆಸ್ಟೆಂಟರಿಗೆ ಮಾತ್ರ, ಅದೂ ಅವರವರ ಅಂತಸ್ತಿಗೆ ತಕ್ಕಂತೆ, ಕಾನೂನು ಒಪ್ಪಿದಷ್ಟು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವುದು ಸರ್ಕಾರದ ಅಧಿಸೂಚನೆಯಿಂದ ಬಂದ ಲೈಸೆನ್ಸ್ ವಿನಾಯಿತಿ. ಎರಡನ್ನೂ ಒಂದೇ ಎಂದು ಬರೆದರೆ ಅಂಕ ಹೋಗುತ್ತದೆ.

ವಸಾಹತುಗಳ ಕಾಗದಪತ್ರಗಳ ಮೇಲೆ ಬ್ರಿಟಿಷ್ ಪಾರ್ಲಿಮೆಂಟ್ ತೆರಿಗೆ ಹಾಕಿದ 1765ರ ಸ್ಟಾಂಪ್ ಕಾಯ್ದೆಯ ಭಾಗ ಅಚ್ಚುಕಟ್ಟಾಗಿದೆ. ಒಬ್ಬ ಸದಸ್ಯನನ್ನೂ ಕಳಿಸದ ಮ್ಯಾಂಚೆಸ್ಟರಿಗೂ ಪಾರ್ಲಿಮೆಂಟೇ ಪ್ರತಿನಿಧಿ, ಹಾಗೆಯೇ ವಸಾಹತುಗಳಿಗೂ ಎಂದು ಲಂಡನ್ ವಾದಿಸಿತು. ಒಂದೂವರೆ ಶತಮಾನ ತಮ್ಮ ಸಭೆಗಳಲ್ಲೇ ತೆರಿಗೆ ನಿರ್ಧರಿಸಿಕೊಂಡು ಬಂದವರಿಗೆ ಇದು ಏಕೆ ರುಚಿಸಲಿಲ್ಲ ಎಂಬುದನ್ನು ಚೆನ್ನಾಗಿ ಬಿಡಿಸಿದ್ದಾರೆ.

ಕೊಳ್ಳುವಾಗ ಲೇಸರ್ ಪ್ರಿಂಟ್ ಪ್ರತಿಯನ್ನೇ ಕೇಳಿ. ಇಂಕ್‌ಜೆಟ್ ಪ್ರತಿ ನಮ್ಮ ಮಳೆಗಾಲದ ತೇವಕ್ಕೆ ಕಲಸಿಹೋಗಿ, ಆ ಅಕ್ಕಪಕ್ಕದ ಪುಟದ ಸಣ್ಣ ಅಕ್ಷರವೇ ಮೊದಲು ಅಳಿಸುತ್ತದೆ.