ಲ್ಯಾಪ್‌ಟಾಪ್‌ನಿಂದ ರಿಸೀವರ್‌ಗೆ: ಎಚ್‌ಡಿಎಂಐ ಹಾಕೋದಾ, ಆಪ್ಟಿಕಲ್ಲಾ?

ಲ್ಯಾಪ್‌ಟಾಪ್‌ನ ಸದ್ದನ್ನು ರಿಸೀವರ್‌ಗೆ, ಅಂದರೆ ಹೋಮ್ ಥಿಯೇಟರ್ ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆಗೆ, ಕಳಿಸಲು ಈ ಎರಡು ಕೇಬಲ್‌ಗಳಲ್ಲಿ ಯಾವುದನ್ನು ಹಾಕಿದರೂ ಹೋಗುವುದು ಡಿಜಿಟಲ್ ಸಿಗ್ನಲ್ಲೇ. ವ್ಯತ್ಯಾಸ ಇರುವುದು ಎಷ್ಟು ಚಾನೆಲ್ (ಬೇರೆ ಬೇರೆ ಸ್ಪೀಕರ್‌ಗೆ ಹೋಗುವ ಸದ್ದು) ಹಿಡಿಸುತ್ತದೆ ಅನ್ನುವುದರಲ್ಲಿ. ಎಚ್‌ಡಿಎಂಐನಲ್ಲಿ 8 ಚಾನೆಲ್‌ವರೆಗೆ ಪಿಸಿಎಂ, ಅಂದರೆ ಕಂಪ್ರೆಸ್ ಆಗದ ಡಿಜಿಟಲ್ ಸದ್ದು, ಹಾಗೇ ಹೋಗುತ್ತದೆ. ಆಪ್ಟಿಕಲ್‌ನಲ್ಲಿ ಪಿಸಿಎಂ ಅಂದರೆ ಬರೀ 2 ಚಾನೆಲ್. 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಕಂಪ್ರೆಸ್ ಮಾಡಿಯೇ ಕಳಿಸಬೇಕು. ಸಿನಿಮಾ ಫೈಲ್‌ನಲ್ಲಿ ಆ ಟ್ರ್ಯಾಕ್ ಮೊದಲೇ ಇದ್ದರೆ ಪ್ಲೇಯರ್‌ನಲ್ಲಿ ಪಾಸ್‌ಥ್ರೂ (ಟ್ರ್ಯಾಕನ್ನು ಬಿಚ್ಚದೆ ಹಾಗೇ ರಿಸೀವರ್‌ಗೆ ಕಳಿಸುವ ಸೆಟ್ಟಿಂಗ್) ಆನ್ ಮಾಡಿದರೆ ಆಯ್ತು. ಗೇಮ್‌ಗೆ ಹಾಗಲ್ಲ. ಆಡುತ್ತಿರುವಾಗಲೇ ಎನ್‌ಕೋಡ್ ಮಾಡುವ ಡಾಲ್ಬಿ ಡಿಜಿಟಲ್ ಲೈವ್‌ನಂಥದ್ದು ಇರಬೇಕು, ಇಲ್ಲದಿದ್ದರೆ ಹಿಂದಿನ ಸ್ಪೀಕರ್‌ಗಳು ಸುಮ್ನೆ ಕೂತಿರುತ್ತವೆ.

ಆಪ್ಟಿಕಲ್‌ನಲ್ಲಿ ಸಿಗ್ನಲ್ ಬೆಳಕಾಗಿ ಹೋಗುವುದರಿಂದ ಚಾರ್ಜರ್ ಹಾಕಿದಾಗಿನ ಗುಂಯ್ ಸದ್ದು ಆ ದಾರಿಯಲ್ಲಿ ನುಸುಳುವುದಿಲ್ಲ, ನಿಜ. ಆದರೂ ನನ್ನ ಓಟು ಎಚ್‌ಡಿಎಂಐಗೇ. ವಿಂಡೋಸ್ ಆದರೆ ಸ್ಪೀಕರ್ ಸೆಟ್ಟಿಂಗ್ ಸ್ಟೀರಿಯೋದಲ್ಲೇ ಉಳಿದಿದೆಯಾ ನೋಡಿ, 5.1ಕ್ಕೆ ಬದಲಿಸಿ.