ಪದರ ಬಿಟ್ಟ ಫೈಬರ್ ದೋಣಿಗೆ ಸ್ಪ್ರೇ ಫೋಮ್ ತುಂಬಿಸಬೇಡಿ

ಕಾರವಾರದ ಕಡಲಿನಲ್ಲಿ ಓಡುತ್ತಿದ್ದ ಹಳೆಯ ಹೋಬಿ 16 ಕ್ಯಾಟಮರಾನ್ (ಎರಡು ಒಡಲುಗಳನ್ನು ಅಡ್ಡ ಪೈಪುಗಳಿಂದ ಜೋಡಿಸಿದ ಹಾಯಿದೋಣಿ) ಒಂದು ರಿಪೇರಿಗೆಂದು ಹುಬ್ಬಳ್ಳಿಗೆ ಬಂತು. ಎಡಗಡೆಯ ಹಲ್‌ನ, ಅಂದರೆ ಒಡಲಿನ, ಡೆಕ್ಕಿನಲ್ಲಿ (ಮೇಲ್ಮೈಯಲ್ಲಿ), ಮುಂದಿನ ಅಡ್ಡ ಪೈಪಿನಿಂದ ಒಂದು ಗೇಣು ಮುಂದೆ, ಎರಡು ಅಂಗೈ ಅಗಲದ ಜಾಗ ಮೆತ್ತಗಾಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಟಕ್ಕನೆ ಮೇಲೇಳುತ್ತಿತ್ತು. ಸರಿಯಾಗಿ ಮಾಡಿದ್ದರೆ ನೂರೈವತ್ತು ಗ್ರಾಂ ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟುರಾಳ) ಮುಗಿಯುವ ಕೆಲಸ. ಮಾಡಿದ್ದು ಬೇರೆ, ಅದರಿಂದ ಹಲ್ ಅರ್ಧ ಹಾಳಾಯಿತು. ಯಾವ ಶೆಡ್ ಎಂದು ಇಲ್ಲಿ ಹೇಳುವುದಿಲ್ಲ. ಟಾಕಿ, ಕೂಲರ್ ಬಾಡಿ, ಬಾತ್‌ರೂಮ್ ಬಾಗಿಲು ಮಾಡುವ ಯಾವ ಎಫ್‌ಆರ್‌ಪಿ (ಗಾಜಿನ ಎಳೆ ಸೇರಿಸಿದ ಪ್ಲಾಸ್ಟಿಕ್) ಶೆಡ್ಡಿಗೆ ಒಯ್ದರೂ ಬರುವ ಸಲಹೆ ಹೆಚ್ಚುಕಮ್ಮಿ ಇದೇ: "ತೂತು ಹಾಕಿ ಫೋಮ್ ಹೊಡದು ಮ್ಯಾಟ್ ಹಾಕಿ ಬಿಡ್ತೀವ್ರಿ ಸರ್, ಕಲ್ಲಿನಂಗ ಆಕ್ಕೈತಿ."

ಈ ಜಾತಿಯ ದೋಣಿ ಟಾಕಿಯಂತೆ ಒಂದೇ ದಪ್ಪನೆಯ ಫೈಬರ್ ಅಲ್ಲ. ಹೊರಗೊಂದು ತೆಳು ಪದರ, ಒಳಗೊಂದು ತೆಳು ಪದರ, ನಡುವೆ ಗಟ್ಟಿ ಫೋಮ್. ಮೂರೂ ಒಂದಕ್ಕೊಂದು ಅಂಟಿದ್ದಾಗ ಮಾತ್ರ ಬಲ. ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಮೇಲಿನ ಪದರ ಬಿಡುತ್ತದಲ್ಲ, ಹಾಗೆ ಹೊರಪದರ ಫೋಮಿನಿಂದ ಎದ್ದರೆ ಅದನ್ನೇ ಡಿಲ್ಯಾಮಿನೇಷನ್ ಎನ್ನುವುದು. ಅಲ್ಲಿ ಆಗಬೇಕಾದದ್ದು ಎದ್ದ ಪದರವನ್ನು ಅದೇ ಫೋಮಿಗೆ ಮತ್ತೆ ಅಂಟಿಸುವುದು. ಖಾಲಿ ಜಾಗ ತುಂಬಿಸಿದರೆ ಅಂಟಿಸಿದಂತಾಗುವುದಿಲ್ಲ.

ಶೆಡ್ಡಿನವರು 10 ಎಂಎಂ ಬಿಟ್‌ನಿಂದ ಆರು ತೂತು ಹಾಕಿದರು. ಬಿಟ್ ಎರಡೂ ಪದರ ದಾಟಿ ಹಲ್‌ನ ಹೊಟ್ಟೆಗೆ ಹೋಯಿತು. ಬಾಗಿಲ ಚೌಕಟ್ಟಿಗೆ ಹೊಡೆಯುವ ಕ್ಯಾನ್ ಫೋಮ್ ಎರಡು ಡಬ್ಬಿ ಒಳಗೆ ಹೋಯಿತು. ಫೋಮ್ ಉಬ್ಬುವಾಗ ಎದ್ದಿದ್ದ ಪದರವನ್ನು ಇನ್ನಷ್ಟು ಎಬ್ಬಿಸಿತು. ಎರಡು ಅಂಗೈಯ ಜಾಗ ಒಂದು ಮೊಳವಾಯಿತು. ಮೇಲೆ, ಜೆಲ್‌ಕೋಟ್ (ಹೊರಮೈಯ ನುಣುಪು ಲೇಪ) ಕೆರೆಯದೆ ಬರೀ ಥಿನ್ನರ್‌ನಲ್ಲಿ ಒರೆಸಿ, ಪಾಲಿಯೆಸ್ಟರ್ ರಾಳದಲ್ಲಿ ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ ಮ್ಯಾಟ್ (ತುಂಡು ಗಾಜಿನ ಎಳೆಗಳ ಹಾಸು) ಎರಡು ಪದರ ಹಾಕಿ ಬಣ್ಣ ಬಳಿದರು. ಕೈಯಲ್ಲಿ ಒತ್ತಿದರೆ ಕಲ್ಲಿನಂತೆಯೇ ಇತ್ತು. ಮೋಸ ಆಗುವುದು ಇಲ್ಲೇ, ಯಾಕೆಂದರೆ ಎಲ್ಲರೂ ಕೈಯಿಂದ ಒತ್ತಿ ನೋಡಿಯೇ ಹಣ ಕೊಡುತ್ತಾರೆ.

ನಾಲ್ಕನೇ ಸಲ ನೀರಿಗಿಳಿದಾಗ ಮ್ಯಾಟ್‌ನ ಅಂಚು ಉಗುರು ತೂರಿಸುವಷ್ಟು ಎದ್ದಿತ್ತು. ತೂಗಿ ನೋಡಿದರೆ ಎಡ ಹಲ್ ಬಲ ಹಲ್‌ಗಿಂತ 7 ಕಿಲೊ ಹೆಚ್ಚು. ಕೊಯ್ದು ತೆಗೆದಾಗ ಫೋಮಿನ ಅಂಚು ನೀರು ಕುಡಿದ ಸ್ಪಂಜು, ನಡುಭಾಗ ಇನ್ನೂ ಹಸಿ ಅಂಟು, ಬೆರಳಿಗೆ ಬೆಲ್ಲದ ಪಾಕದಂತೆ ಎಳೆ ಬರುತ್ತಿತ್ತು. ಕ್ಯಾನ್ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮುಚ್ಚಿದ ಜಾಗದಲ್ಲಿ ದಪ್ಪಗೆ ತುಂಬಿದರೆ ಹೊರಮೈ ಗಟ್ಟಿಯಾಗಿ ಒಳಗಿನದು ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಅದು ಸಾಲದೆಂಬಂತೆ ಹಲ್ ಉಸಿರಾಡುವ ಸಣ್ಣ ತೂತನ್ನೂ ಫೋಮ್ ಮುಚ್ಚಿತ್ತು. ಆ ತೂತು ಮುಚ್ಚಿದ್ದು, ನೀರು ಬಸಿಯುವ ತೂತಿನ ಡ್ರೇನ್ ಪ್ಲಗ್ಗೂ ಹಾಕಿದ್ದರೆ, ಏಪ್ರಿಲ್ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಪದರಗಳನ್ನು ತಾನೇ ದೂಡುತ್ತದೆ. ದೋಣಿ ಅಂಗಳದಲ್ಲಿ ನಿಂತಿರುವಷ್ಟು ದಿನ ಪ್ಲಗ್ ತೆಗೆದೇ ಇಡಬೇಕು.

ಈಗ ಸರಿಯಾದ ಕ್ರಮ. ಮೊದಲು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಕೆಯಿಂದ ಇಡೀ ಡೆಕ್ ತಟ್ಟಿ. ಚೆನ್ನಾಗಿರುವಲ್ಲಿ ಟಣಕ್ ಎಂಬ ಚೂಪು ಸದ್ದು, ಬಿಟ್ಟಲ್ಲಿ ಗಿಲಾವು ಗೋಡೆ ಬಿಟ್ಟಾಗ ಬರುವಂಥ ಬೊದ್ದು ಸದ್ದು. ಸದ್ದು ಬದಲಾಗುವ ಗೆರೆಯನ್ನು ಪೆನ್ಸಿಲ್ಲಿನಿಂದ ಗುರುತಿಸಿ. ಕಣ್ಣಿಗೆ ಕಾಣುವುದಕ್ಕಿಂತ ಜಾಗ ಯಾವಾಗಲೂ ದೊಡ್ಡದಿರುತ್ತದೆ.

ಗುರುತಿನ ಒಳಗೆ 3 ಎಂಎಂ ಬಿಟ್‌ನಿಂದ, 25ರಿಂದ 30 ಎಂಎಂ ಅಂತರದಲ್ಲಿ ತೂತುಗಳನ್ನು ಹಾಕಿ. ಬಿಟ್‌ಗೆ ಟೇಪ್ ಸುತ್ತಿ, ಹೊರಪದರ ದಾಟಿ ಫೋಮ್ ಮುಟ್ಟುವಷ್ಟೇ ಆಳ ಬಿಡಿ. ಒಳಪದರ ತೂತಾಯಿತೋ, ಹಾಕಿದ ಎಪಾಕ್ಸಿಯೆಲ್ಲ ಹಲ್‌ನ ತಳಕ್ಕೆ ಸುರಿದು ಹೋಗುತ್ತದೆ, ಮೇಲಿನ ಪದರ ಬಿಟ್ಟಂತೆಯೇ ಉಳಿಯುತ್ತದೆ.

ಒಣಗಿಸುವುದಕ್ಕೆ ಅವಸರ ಬೇಡ. ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲಿ. ಒದ್ದೆ ಫೋಮಿಗೆ ಎಪಾಕ್ಸಿ ಹಿಡಿಯುವುದಿಲ್ಲ. ಹುಬ್ಬಳ್ಳಿ, ಗದಗ ಕಡೆ ಫೆಬ್ರವರಿಯಿಂದ ಅಡ್ಡಮಳೆ ಶುರುವಾಗುವವರೆಗಿನ ಒಣ ಹವೆ ಈ ಕೆಲಸಕ್ಕೆ ಕರಾವಳಿಗಿಂತ ಎಷ್ಟೋ ಅನುಕೂಲ. ತೂತುಗಳನ್ನು ತೆರೆದು, ನೆರಳಿನಲ್ಲಿ ಫ್ಯಾನ್ ಹಚ್ಚಿ ಎರಡು ಮೂರು ವಾರ ಬಿಡಿ. ಹೀಟ್ ಗನ್ ಹಿಡಿದು ಬೇಗ ಮುಗಿಸಲು ಹೋದರೆ ಕೈ ತಾಳದಷ್ಟು ಕಾದು ಫೋಮ್ ಮೆತ್ತಗಾಗುತ್ತದೆ. ಒಣಗಿದೆಯೇ ಎಂದು ತಿಳಿಯಲು ತೂತುಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಬಿಸಿಲಿಗಿಡಿ. ಒಂದು ತಾಸಿನಲ್ಲಿ ಹಾಳೆಯ ಒಳಮೈಗೆ ಮಂಜಿನ ಹನಿ ಕಟ್ಟಿದರೆ ಇನ್ನೂ ನೀರಿದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಬೇಕಿರುವುದು ನೀರಾಗಿ ಹರಿಯುವ ಲ್ಯಾಮಿನೇಟಿಂಗ್ ಎಪಾಕ್ಸಿ ಮತ್ತು ಅದನ್ನು ನಿಧಾನವಾಗಿ ಗಟ್ಟಿ ಮಾಡುವ ಹಾರ್ಡ್ನರ್. ದಪ್ಪನೆಯ ಅಂಟಿನಂಥದ್ದು ತೂತಿನ ಸುತ್ತ ನಿಂತುಬಿಡುತ್ತದೆ, ಸಂದಿಗೆ ಹರಿಯುವುದಿಲ್ಲ. ಪಾಲಿಯೆಸ್ಟರ್ ಬೇಡ: ಅದು ಗಟ್ಟಿಯಾಗುವಾಗ ಎಪಾಕ್ಸಿಗಿಂತ ಬಹಳ ಕುಗ್ಗುತ್ತದೆ, ಹಳೆಯ ಪದರಕ್ಕೆ ಅದರ ಹಿಡಿತವೂ ಕಡಿಮೆ. ಇನ್ನೊಂದು ಮಾತು. ಪಾಲಿಯೆಸ್ಟರ್‌ಗೆ ಹಾಕುವ ಕ್ಯಾಟಲಿಸ್ಟ್ ನೂರಕ್ಕೆ ಒಂದೂವರೆಯ ಆಸುಪಾಸು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಅದೇ ರೂಢಿಯಲ್ಲಿ ಎಪಾಕ್ಸಿಯನ್ನೂ ಮುಚ್ಚಳದ ಅಳತೆಯಲ್ಲಿ ಕಲಸುವವರಿದ್ದಾರೆ. ಎಪಾಕ್ಸಿಯ ಹಾರ್ಡ್ನರ್ ರಾಳದ ಜೊತೆ ಲೆಕ್ಕಕ್ಕೆ ಲೆಕ್ಕ ಸೇರಬೇಕು. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ರಬ್ಬರಿನಂತೆ ಉಳಿಯುತ್ತದೆ. ಡಬ್ಬಿಯ ಮೇಲಿನ ಪ್ರಮಾಣ ತೂಕದ್ದೋ ಅಳತೆಯದೋ ನೋಡಿಕೊಂಡು, ತೂಕದ್ದಾದರೆ ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿಯೇ, ಅಳತೆಯದಾದರೆ ಅಳೆದೇ ಕಲಸಿ. ಒಮ್ಮೆಗೆ 40-50 ಗ್ರಾಂ ಸಾಕು. ನಮ್ಮ ಬೇಸಗೆಯಲ್ಲಿ 200 ಗ್ರಾಂ ಕಲಸಿ ಕಪ್ಪಿನಲ್ಲಿಟ್ಟರೆ ಅದು ತನ್ನ ಕಾವಿಗೆ ತಾನೇ ಹೊಗೆಯಾಡಿ ಕಪ್ಪನ್ನೂ ಕರಗಿಸೀತು. ಬೆಳಿಗ್ಗೆ ತಂಪಿನಲ್ಲೇ ಮಾಡಿ.

ಮೆಡಿಕಲ್ ಅಂಗಡಿಯ 10 ಎಂಎಲ್ ಸಿರಿಂಜಿಗೆ ಸೂಜಿ ಬೇಡ. ಅದರ ಮೂತಿಯನ್ನೇ ತೂತಿಗೆ ಒತ್ತಿ ಹಿಡಿಯಬೇಕು. ಎಲ್ಲಕ್ಕಿಂತ ಕೆಳಗಿನ ತೂತಿನಿಂದ ಶುರುಮಾಡಿ. ಪಕ್ಕದ ತೂತಿನಲ್ಲಿ ಎಪಾಕ್ಸಿ ಗುಳ್ಳೆಯಿಲ್ಲದೆ ಉಕ್ಕಿದ ಮೇಲೆ ಮೊದಲನೆಯದಕ್ಕೆ ಟೇಪ್ ಹಚ್ಚಿ ಮುಂದಿನದಕ್ಕೆ ಹೋಗಿ. ಎಲ್ಲ ತುಂಬಿದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅರ್ಧ ತುಂಬಿದ ಉಸುಕಿನ ಚೀಲಗಳನ್ನಿಡಿ. ಉಸುಕು ಡೆಕ್ಕಿನ ಬಾಗಿಗೆ ತಾನೇ ಹೊಂದಿಕೊಳ್ಳುತ್ತದೆ. ಕಲ್ಲು, ಇಟ್ಟಿಗೆ ಇಟ್ಟರೆ ತಗ್ಗು ಬಿದ್ದು ಆ ತಗ್ಗೇ ಗಟ್ಟಿಯಾಗುತ್ತದೆ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ. ನಂತರ ಮತ್ತೆ ತಟ್ಟಿ ನೋಡಿ. ಬೊದ್ದು ಸದ್ದು ಉಳಿದಲ್ಲಿ ನಡುವೆ ಹೊಸ ತೂತು ಹಾಕಿ ಇನ್ನೊಂದು ಸುತ್ತು.

ತೂತು ಮುಚ್ಚುವುದು, ಮರಳು ಕಾಗದ ಹೊಡೆಯುವುದು ಸುಲಭದ ಕೆಲಸ. ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಕೂರುತ್ತದೆ, ಅದನ್ನು ಮೊದಲು ನೀರು ಮತ್ತು ನಾರಿನಿಂದ ತಿಕ್ಕಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಆ ಜಿಡ್ಡು ಎಲ್ಲೆಡೆ ಹರಡುತ್ತದೆ. ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ನಂಬಿಕೆಯದಲ್ಲ, ಎರಡು ಭಾಗದ ಪಿಯು (ಪಾಲಿಯುರೆಥೇನ್) ಬಣ್ಣ ಹಾಕಿ. ಹೊರಪದರವೇ ಒಡೆದಿದ್ದರೆ ನೇಯ್ದ ಗ್ಲಾಸ್ ಬಟ್ಟೆ ಬಳಸಬೇಕು. ಸಾಮಾನ್ಯ ಚಾಪ್ ಮ್ಯಾಟ್‌ನ ಎಳೆ ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಒಡೆದ ಅಂಚನ್ನು ಪದರದ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ. 2 ಎಂಎಂ ದಪ್ಪಕ್ಕೆ 24 ಎಂಎಂ.

ಶೆಡ್ಡಿನಲ್ಲಿ ನಿಂತು ಕೆಲಸ ಮಾಡಿಸುವವರು ಇದೊಂದನ್ನು ಕಣ್ಣಿಟ್ಟು ನೋಡಿ: ಪಾಲಿಯೆಸ್ಟರ್ ಗಟ್ಟಿಯಾಗಲು ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತಿರುವ ಎಂಇಕೆಪಿ ಕ್ಯಾಟಲಿಸ್ಟ್ ನೇರವಾಗಿ ಒಂದಕ್ಕೊಂದು ತಾಗಬಾರದು, ಬೆಂಕಿ ಹತ್ತಿ ಸಿಡಿಯುತ್ತವೆ. ಒಂದನ್ನು ರಾಳದಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು, ರಕ್ಷಣಾ ಕನ್ನಡಕವಿಲ್ಲದೆ ಹತ್ತಿರ ನಿಲ್ಲಬೇಡಿ.

ಫೋಮ್ ತುಂಬಿಸಿಕೊಂಡ ಆ ಹಲ್‌ಗೆ ಸಿರಿಂಜಿನ ದಾರಿ ಮುಚ್ಚಿತ್ತು. ಸಂದಿಯಲ್ಲಿ ಕ್ಯಾನ್ ಫೋಮ್ ಕೂತ ಮೇಲೆ ಎಪಾಕ್ಸಿ ಹಳೆಯ ಫೋಮನ್ನು ಮುಟ್ಟುವುದೇ ಇಲ್ಲ. ಒಂದು ಮೊಳ ಉದ್ದ ಹೊರಪದರ ಕೊಯ್ದು, ಒಳಪದರದವರೆಗೆ ಎಲ್ಲ ಕೆರೆದು, ಹೊಸ ಪಿವಿಸಿ ಫೋಮ್ ಹಲಗೆ ಅಂಟಿಸಿ, ಮೇಲೆ ಹೊಸದಾಗಿ ಬಟ್ಟೆ ಕೂರಿಸಬೇಕಾಯಿತು. ಹಲ್‌ನ ಹೊಟ್ಟೆಗೆ ಬಿದ್ದ ಫೋಮನ್ನು ಡೆಕ್ಕಿಗೆ ಕೈ ಹೋಗುವಷ್ಟು ಕಿಂಡಿ ಕೊಯ್ದು ಚೂರುಚೂರಾಗಿ ತೆಗೆದರು. ಇಷ್ಟಾದರೂ ತೂಕದಲ್ಲಿ ಎರಡು ಕಿಲೊ ಹೆಚ್ಚುವರಿ ಹಾಗೇ ಉಳಿಯಿತು.